ಜರ್ಮನರ ಹಡಗಿಗೆ ದುಡಿದ ಕೈ

ನಮ್ಮೂರಿನಲ್ಲಿ ರಾಗಿ ಮೆದೆ ಒಟ್ಟಬೇಕು ಅಂದರೆ ಎಲ್ಲರ ಬಾಯಲ್ಲೂ ನಮ್ಮವರ ಹೆಸರೇ. ನಾನು ಮಾತ್ರ ಹೇಳುತ್ತಿರಲಿಲ್ಲ, ಹೆಂಡತಿ ಗಂಡನ ಹೆಸರು ಹೇಳುವ ಕಾಲವಲ್ಲ ಅದು. ಕೊಯ್ದ ರಾಗಿಯನ್ನು ಕಂತೆ ಕಟ್ಟಿ, ತೆನೆ ಒಳಕ್ಕೆ ಬುಡ ಹೊರಕ್ಕೆ ಮಾಡಿ, ಸುತ್ತಿನ ಮೇಲೆ ಸುತ್ತು ಇಟ್ಟು, ಎಂಥ ಮಳೆ ಬಿದ್ದರೂ ಒಳಗಿನ ತೆನೆಗೆ ಹನಿ ತಾಗದ ಹಾಗೆ ಏರಿಸಬೇಕು. ದೂರದಿಂದ ನೋಡಿದವರು ಹುಲ್ಲಿನ ಗುಡ್ಡೆ ತಾನೇ ಅಂದುಕೊಳ್ಳುತ್ತಾರೆ. ಒಂದು ಸಾಲು ಕಂತೆ ಒಳಕ್ಕೆ ವಾಲಿತೋ, ನೀರು ಅದೇ ದಾರಿ ಹಿಡಿದು ಇಳಿದು, ಕಣ ಮಾಡುವ ಹೊತ್ತಿಗೆ ವರ್ಷದ ಅನ್ನವೆಲ್ಲ ಮೊಳಕೆ ಬಂದು ಕೂತಿರುತ್ತದೆ.

ಸೂಲಿಬೆಲೆ ಸುತ್ತಮುತ್ತ ಆಗ ಸುಗ್ಗಿಯ ಕೆಲಸವೆಲ್ಲ ಮುಯ್ಯಿಯ ಮೇಲೆ ನಡೆಯುತ್ತಿತ್ತು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ನಮ್ಮ ಮನೆಯಿಂದ ಹೋಗುತ್ತಿದ್ದ ಗಂಡಾಳು ಅವರೊಬ್ಬರೇ, ಮಾವನಿಗೆ ಮಂಡಿ ನೋವು. ಆದರೂ ನಮ್ಮ ಹೊಲಕ್ಕೆ ಊರೇ ಬರುತ್ತಿತ್ತು, ಏಕೆಂದರೆ ಎಲ್ಲರ ಮೆದೆಯ ಮೇಲೂ ನಿಲ್ಲುತ್ತಿದ್ದದ್ದು ಅವರೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬುತ್ತಿ ಹೊತ್ತು ಹೋದಾಗ ಅವರನ್ನು ತಲೆ ಎತ್ತಿ ನೋಡಬೇಕಾಗುತ್ತಿತ್ತು. ನನಗೆ ಅದರ ಜಂಬ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ.

ಅಂಥವರು ಹೊಸಕೋಟೆ ಸಂತೆಗೆ ಎತ್ತು ನೋಡಲು ಹೋಗಿ ಇಂಗ್ಲಿಷರ ಮಿಲಿಟ್ರಿಗೆ ಸೇರಿ ಬಂದರು. ಸಂತೆಯಲ್ಲಿ ಯಾರೋ ಟೋಪಿಯವನು ಮಾತಾಡಿಸಿ ತಲೆ ಕೆಡಿಸಿದ್ದ. ಬಂದೂಕು ಹಿಡಿಯುವ ದಳವಲ್ಲ, ಸಾಮಾನು ಹೊರುವ ದಳ. ಎತ್ತೂ ಬರಲಿಲ್ಲ, ಮಗನೂ ಹೋದ ಅಂತ ಅತ್ತೆ ತೀರಿಹೋಗುವವರೆಗೂ ನನ್ನನ್ನು ಹಂಗಿಸುತ್ತಿದ್ದರು, ನಾನೇನೋ ಕಳಿಸಿದ ಹಾಗೆ. ಆಮೇಲೆ ಆಫ್ರಿಕಾದ ಮರಳುಗಾಡಿನಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕಿದ್ದಾರೆ ಅನ್ನುವ ಸುದ್ದಿ ಬಂತು. ಮಿಡ್ಲ್ ಸ್ಕೂಲು ಓದಿದ ನಾನು ಭೂಪಟದಲ್ಲಿ ಆಫ್ರಿಕಾ ತೋರಿಸಿದರೆ, ಮಾವ ಅದರ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದರು.

ಯುದ್ಧ ಮುಗಿದು ಅವರು ವಾಪಸು ಬಂದಾಗ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಜಗಲಿಯ ಮೇಲೆ ಜನ ಸೇರಿ ಕಥೆ ಕೇಳಲು ಶುರು ಮಾಡಿದರು. ಕಾದಾಟದ ಕಥೆ ಅವರ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲ ಹಡಗಿನದು. ಸೆರೆಯಾದ ಮೇಲೆ ಅವರನ್ನು ಒಂದು ಬಂದರಿನಲ್ಲಿ ಸಾಮಾನು ಇಳಿಸುವುದಕ್ಕೆ ಹಾಕಿದ್ದರಂತೆ.

"ಜರ್ಮನರ ಹಡಗು ಅಂದ್ರೆ ಫಿರಂಗಿ ಹಡಗು ಅಂದ್ಕೋಬೇಡಿ" ಅನ್ನುತ್ತಿದ್ದರು. "ಅವೆಲ್ಲಾ ವ್ಯಾಪಾರದ ಹಡಗು. ಒಂದು ಇಟಲಿಯವರ್ದು, ಒಂದು ಫ್ರಾನ್ಸಿಂದ ಕಿತ್ಕೊಂಡಿದ್ದು, ಒಂದು ಮೀನು ಹಿಡಿಯೋ ದೋಣಿ. ಹಡಗು ನಡ್ಸೋನು ಒಬ್ಬ, ಹಿಂದ್ಗಡೆ ಒಂದು ಫಿರಂಗಿ ಮಡಿಕ್ಕೊಂಡು ಕೂತ ನೌಕಾದಳದೋನು ಇನ್ನೊಬ್ಬ. ಒಬ್ರ ಮಾತು ಒಬ್ರಿಗೆ ಅರ್ಥ ಆಗಾಕಿಲ್ಲ."

ಬಂದರಿನಲ್ಲಿ ಮುರಿದು ಬಿದ್ದ ಸುಂಕದ ಮನೆಯೊಳಗೆ ಜರ್ಮನ್ ನೌಕಾದಳದ ಸಾಗಣೆ ಕಚೇರಿ ಇತ್ತಂತೆ. ಯಾವ ಹಡಗು ಯಾವ ಕಟ್ಟೆಗೆ ಬರಬೇಕು, ಯಾವುದಕ್ಕೆ ಕಲ್ಲಿದ್ದಲು ಕೊಡಬೇಕು, ಯಾವುದು ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲ ಅಲ್ಲೇ ತೀರ್ಮಾನ. ಅಲ್ಲಿಯ ಅಧಿಕಾರಿ ನರೆತ ಕೂದಲಿನ ಮುದುಕ. ಯುದ್ಧಕ್ಕೆ ಮುಂಚೆ ಯಾವುದೋ ಹಡಗು ಕಂಪನಿಯಲ್ಲಿ ಇದ್ದು, ಸೆಣಬಿನ ವ್ಯಾಪಾರಕ್ಕೆ ಕಲ್ಕತ್ತಕ್ಕೂ ಬಂದಿದ್ದವನು. ನೌಕಾದಳದ ಬಟ್ಟೆ ಅವನಿಗೆ ಬೇರೆಯವರ ಅಂಗಿ ತೊಟ್ಟ ಹಾಗೆ ಇತ್ತು ಅಂತ ಇವರು ನಗುತ್ತಿದ್ದರು. ಭೂಸೇನೆಯವರು ಬಂದು ನಮ್ಮ ಪೆಟ್ರೋಲು ಮೊದಲು ಇಳಿಸು ಅಂತ ಕೂಗುವರು, ವಿಮಾನದವರು ಬಂದು ನಮ್ಮ ಬಾಂಬು ಮೊದಲು ಅನ್ನುವರು. ಮುದುಕನಿಗೆ ಎರಡೂ ಬೇಡ. ಹಡಗು ಬೇಗ ಬರಿದಾಗಿ ಬಂದರು ಬಿಡಬೇಕು, ಅಷ್ಟೇ. ಸಂಜೆಯ ಹೊತ್ತಿಗೆ ಇಂಗ್ಲಿಷರ ವಿಮಾನಗಳು ಬರುತ್ತಿದ್ದವು. ನಿಂತ ಹಡಗು ಅವುಗಳ ಕಣ್ಣಿಗೆ ಬಿದ್ದರೆ ಮುಗಿಯಿತು.

ಇದೆಲ್ಲವನ್ನೂ ಅವರು ಚೆನ್ನಾಗಿ ಹೇಳುತ್ತಿದ್ದರು. ತಾವು ಅಲ್ಲಿ ಏನು ಮಾಡಿದರು ಅನ್ನುವುದು ಬಂದಾಗ ಮಾತ್ರ ಎದ್ದು ಎತ್ತಿಗೆ ನೀರು ಕುಡಿಸಲು ಹೋಗುತ್ತಿದ್ದರು. ನಾನು ಅದನ್ನು ಗಮನಿಸಲಿಲ್ಲ. ಗಂಡ ಬಂದ ಸಂತೋಷದಲ್ಲಿದ್ದವಳಿಗೆ ಎತ್ತು ಎಷ್ಟು ಸಲ ನೀರು ಕುಡಿದರೆ ಏನು.

ಕಾರ್ತಿಕದಲ್ಲಿ ರಾಗಿ ಕೊಯ್ಲು ಬಂತು. ಮೊದಲ ಹೊಲದವರು ಬಂದು ಕರೆದರು. ಇವರು ಕಂತೆ ಕಟ್ಟಿದರು, ಹೊತ್ತು ತಂದರು, ಮೆದೆ ಹತ್ತು ಅಂದರೆ ಹತ್ತಲಿಲ್ಲ. "ಕೈಲಾಗಾಕಿಲ್ಲ" ಅಂದರಂತೆ. ಎರಡನೇ ಹೊಲದಲ್ಲೂ ಅದೇ. ಮೂರನೆಯವರು ಕರೆಯಲೇ ಇಲ್ಲ. ಬಾವಿಯ ಹತ್ತಿರ ಹೆಂಗಸರು ನಾನು ಬಂದ ಕೂಡಲೇ ಮಾತು ನಿಲ್ಲಿಸುವುದಕ್ಕೆ ಶುರು ಮಾಡಿದರು. ಜರ್ಮನರು ಅವನಿಗೆ ಏನೋ ಮಾಡಿ ಕಳಿಸಿದ್ದಾರೆ, ಗಂಡಸಾಗಿ ಉಳಿದಿಲ್ಲ ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ನಾಚಿಕೆಯಲ್ಲಿ ನನ್ನ ಮೈ ಹಿಡಿಯಷ್ಟಾಯಿತು. ನಮ್ಮ ಹೊಲದ ರಾಗಿ ಕೊಯ್ದು ಕಂತೆ ಕಟ್ಟದೆ ಅರಿಯಾಗಿ ಬಿದ್ದಿತ್ತು, ಮುಯ್ಯಿಗೆ ಒಬ್ಬರೂ ಬರಲಿಲ್ಲ.

ನಾನು, ಅವರು, ಮಾವ, ಮೂವರೇ ಕಂತೆ ಕಟ್ಟಿ ಕಣದ ಪಕ್ಕ ರಾಶಿ ಹಾಕಿದೆವು. ಅವರು ಮೆದೆಗೆ ಕೈ ಹಾಕಲಿಲ್ಲ. ಪಕ್ಕದ ಹೊಲದಲ್ಲಿ ಜನ ಇದ್ದರು. ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಗಂಡನಿಗೆ ನೇರ ಹೇಳಬಾರದು ಅಂತ ಎತ್ತಿನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕೇಳಿಸ್ಕೊಳೋ ಬಸವ, ಮೆದೆ ಹತ್ತಕ್ಕೆ ಹೆದರೋರು ನನ್ ಕೈಬಳೆ ಇಸ್ಕೊಂಡು ಅಡಿಗೆಮನೇಲಿ ಕೂರ್ಲಿ. ನಾನು ಉಳ್ತೀನಿ."

ಪಕ್ಕದ ಹೊಲದವರು ನಕ್ಕರು. ಮಾವ ನನ್ನ ಮುಖ ನೋಡಲಿಲ್ಲ. ನಮ್ಮವರು ಹಗ್ಗ ಸುತ್ತಿಕೊಂಡು ಮನೆ ಕಡೆ ನಡೆದರು.

ಮಾರನೆಯ ದಿನ ಮಧ್ಯಾಹ್ನ ಒಬ್ಬ ಗಂಡಸು ನಮ್ಮ ಜಗಲಿಗೆ ಬಂದು ನೀರು ಕೇಳಿದ. ಬೂದಿಗೆರೆ ಕಡೆಯವನಂತೆ, ಸೂಲಿಬೆಲೆಯಲ್ಲಿ ಎತ್ತು ನೋಡಿಕೊಂಡು ಹೋಗುತ್ತಿದ್ದ. ಮೈಮೇಲೆ ಮಿಲಿಟ್ರಿಯವರ ಹಳೆ ಅಂಗಿ. ನಾನು ಚೊಂಬು ತಂದುಕೊಟ್ಟೆ, ಬೆಲ್ಲದ ಚೂರೂ ಕೊಟ್ಟೆ. ಅವನು ಬೆಲ್ಲ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಮ್ಮವರು ಕೊಟ್ಟಿಗೆಯಿಂದ ಹೊರಗೆ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಂದವನು ಬೆಲ್ಲವನ್ನು ಚೊಂಬಿನ ಪಕ್ಕ ಇಟ್ಟುಬಿಟ್ಟ.

"ಇದು ನಿನ್ ಮನೇನಾ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡ ಅಕ್ಕಾ, ಈ ಮನೇಲಿ ನಾನು ನೀರು ಕುಡಿಯಾಕಿಲ್ಲ" ಅಂದ.

ಬಾಯಾರಿ ಬಂದ ಮನುಷ್ಯ ಮನೆ ಬಾಗಿಲಲ್ಲಿ ನೀರು ಬೇಡ ಅನ್ನುವುದಕ್ಕಿಂತ ದೊಡ್ಡ ಅವಮಾನ ಒಂದು ಮನೆಗೆ ಇಲ್ಲ. ಮಾವ ಒಳಗಿನಿಂದ ಕುಂಟಿಕೊಂಡು ಬಂದರು. "ಏನಪ್ಪಾ, ನಾವೇನು ಮಾಡ್ದೋ ನಿಂಗೆ" ಅಂದರು.

ಅವನು ಏರು ದನಿಯಲ್ಲಿ ಮಾತಾಡಲಿಲ್ಲ. ಬಂದರಿನಲ್ಲಿ ಅವನೂ ಇದ್ದನಂತೆ, ಅವನ ದೊಡ್ಡಪ್ಪನ ಮಗನೂ ಇದ್ದನಂತೆ. ಸೆರೆಯಾಳುಗಳೆಲ್ಲ ಒಳಗೊಳಗೇ ಮಾತಾಡಿಕೊಂಡು ಬೇಕೆಂದೇ ಕೆಲಸ ಕೆಡಿಸುತ್ತಿದ್ದರು. ಮೂಟೆಯನ್ನು ಸೊಟ್ಟ ಒಟ್ಟುವುದು, ಅದು ಜಾರಿ ಬಿದ್ದು ಒಡೆಯುವುದು, ದಾರಿಗೆ ಅಡ್ಡವಾಗುವುದು. ಹಡಗು ಬರಿದಾಗುವುದು ತಡವಾದರೆ ಸಂಜೆ ವಿಮಾನಗಳು ಬಂದು ಮುಳುಗಿಸುತ್ತವೆ, ಆ ಹಡಗು ಮತ್ತೆ ಗುಂಡು ತರುವುದಿಲ್ಲ. ಕೈಯಲ್ಲಿ ಆಯುಧ ಇಲ್ಲದವರು ಮಾಡಬಹುದಾದ ಯುದ್ಧ ಅದೊಂದೇ.

"ಒಂದಿನ ಹಿಟ್ಟು, ಬೇಳೆ ಬಂದಿತ್ತು" ಅಂದ. "ನಾವು ಒಟ್ಟಿದ್ದು ಕುಸೀತು. ನಿನ್ ಗಂಡ ಬಂದು ಅಷ್ಟೂ ಎತ್ತಿ ಮತ್ತೆ ಒಟ್ಟಿದ ಅಕ್ಕಾ. ಗೋಡೆ ಕಟ್ದಂಗೆ ಒಟ್ಟಿದ. ಒಂದು ಮೂಟೆ ಅಲ್ಲಾಡ್ಲಿಲ್ಲ. ಮಧ್ಯಾಹ್ನಕ್ಕೇ ಹಡಗು ಖಾಲಿ. ಆ ಮುದುಕ ಅಧಿಕಾರಿ ಬಂದು ಇವನ ಬೆನ್ನು ತಟ್ಟಿ, ಎಲ್ರಿಗೂ ತೋರಿಸ್ದ. ನೋಡ್ರಿ, ಹಿಂಗೆ ಮಾಡಕ್ಕಾಗ್ತದೆ ಅಂತ."

ಅಲ್ಲಿಂದ ಮುಂದೆ ಅದೇ ಅಳತೆಯಾಯಿತಂತೆ. ಇವರೊಬ್ಬರು ಮಾಡಿದ್ದನ್ನು ಎಲ್ಲರೂ ಮಾಡಬೇಕು, ಅಷ್ಟೇ ಹೊತ್ತಿನಲ್ಲಿ ಮಾಡಬೇಕು. ಸೊಟ್ಟ ಒಟ್ಟಿದರೆ ಬೇಕೆಂದೇ ಮಾಡಿದ್ದು ಅಂತ ಗೊತ್ತಾಗಿ ಬಂದೂಕಿನ ಹಿಂಬದಿಯಿಂದ ಪೆಟ್ಟು. ಅವನ ದೊಡ್ಡಪ್ಪನ ಮಗ ಜ್ವರದಲ್ಲಿ ಮೂಟೆ ಹೊತ್ತು ಓಡುವಾಗ ಹಲಗೆಯಿಂದ ಜಾರಿ ಹಡಗಿಗೂ ಕಟ್ಟೆಗೂ ನಡುವೆ ಬಿದ್ದ. ಹೆಣ ಸಿಕ್ಕಲಿಲ್ಲ.

"ನಿನ್ ಗಂಡ ಕೆಟ್ಟೋನಲ್ಲ, ಗೊತ್ತು ನಂಗೆ" ಅಂದ ಅವನು, ಎದ್ದು ನಿಂತು. "ಆದ್ರೂ ನೀರು ಇಳಿಯಾಕಿಲ್ಲ ಗಂಟಲಲ್ಲಿ." ಬಿಸಿಲಿನಲ್ಲಿ ಹಾಗೇ ಹೊರಟುಹೋದ.

ನಮ್ಮವರು ಕಂಬ ಹಿಡಿದು ನಿಂತಿದ್ದರು. ಅವನು ಹೋದ ದಾರಿ ನೋಡುತ್ತಲೇ ಹೇಳಿದರು. "ಮೂಟೆ ಒಡ್ದು ಬೇಳೆ ಎಲ್ಲಾ ನೆಲದ ಮ್ಯಾಲಿತ್ತು. ಬೂಟುಗಾಲಲ್ಲಿ ತುಳೀತಿದ್ರು. ನಮ್ಮೋರೂ ತುಳೀತಿದ್ರು. ಅನ್ನ ಅಲ್ವೇನೇ ಅದು. ನನ್ ಕೈಯಲ್ಲಿ ತಡ್ಯಕ್ಕಾಗ್ಲಿಲ್ಲ. ಬಾಚಿ ತುಂಬಿ ಒಟ್ಬಿಟ್ಟೆ. ಯಾರ ಅನ್ನ ಅಂತ ಯೋಚ್ನೆನೇ ಬರ್ಲಿಲ್ಲ."

ಕಣಕ್ಕೆ ಚಪ್ಪಲಿ ಬಿಟ್ಟು ಹೋಗುವ ಜನ ನಾವು, ಬಿದ್ದ ಕಾಳನ್ನು ಕಣ್ಣಿಗೊತ್ತಿಕೊಂಡು ಎತ್ತಿಡುವವರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹಿಂದಿನ ದಿನ ಬಳೆ ಕೊಡುತ್ತೇನೆ ಅಂದವಳು ಈಗ ಆ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಕಲ್ಕತ್ತ ಕಂಡಿದ್ದ ಆ ಮುದುಕ ಬೆನ್ನು ತಟ್ಟಿದ ಮೇಲೆ ಒಟ್ಟುವ ಕೆಲಸಕ್ಕೆ ಇವರಿಗೆ ಯಾರ ಹೊಗಳಿಕೆಯೂ ಬೇಡವಾಗಿತ್ತು, ನಾನು ಊರ ಮುಂದೆ ಒಟ್ಟು ಅಂತಲೇ ಹಂಗಿಸಿದ್ದೆ. ಮಾವ ಮಾತ್ರ ಬಾಗಿಲು ಮುಂದೆ ಮಾಡಿ, "ಈ ಮಾತು ಹೊಸ್ತಿಲು ದಾಟಬಾರ್ದು. ಕೈಲಾಗ್ದೋನು ಅಂದ್ಕೊಂಡ್ರೆ ಅಂದ್ಕೊಳ್ಲಿ" ಅಂದರು.

ಎರಡು ದಿನಕ್ಕೆ ನಂದಿಬೆಟ್ಟದ ಕಡೆಯಿಂದ ಮೋಡ ಕಟ್ಟಿತು. ಕಂತೆಗಳು ರಾಶಿಯಾಗಿ ಬಯಲಲ್ಲಿದ್ದವು. ನಾನು ಸೀರೆ ಎತ್ತಿ ಕಚ್ಚೆ ಹಾಕಿ ಕಣಕ್ಕೆ ಹೋದೆ.

"ಹೆಂಗಸು ಮೆದೆ ಹತ್ತೋದುಂಟೇನಮ್ಮಾ" ಅಂದರು ಮಾವ.

"ಇವತ್ತು ಉಂಟು ಮಾವ" ಅಂದೆ.

ನಾನು ಒಟ್ಟಿದೆ, ನಮ್ಮವರು ಕೆಳಗಿನಿಂದ ಕಂತೆ ಎಸೆದರು. ಹೀಗಿಡು ಹಾಗಿಡು ಅಂತ ಒಂದು ಮಾತಿಲ್ಲ. ಎದೆಮಟ್ಟ ಏರುವಷ್ಟರಲ್ಲಿ ಮೂಡಲ ಕಡೆ ಹೊಟ್ಟೆ ಬಂದಿದ್ದು ನನಗೇ ಕಾಣಿಸಿತು. ಅವರು ಆ ಕಡೆಗೆ ಬಂದು ನಿಂತರು. ಉಬ್ಬಿದ ಜಾಗಕ್ಕೆ ಎರಡೂ ಅಂಗೈ ಇಟ್ಟರು. ಒತ್ತಿ ಸರಿಮಾಡಿದರೆ ಆಗುತ್ತಿತ್ತು, ಅವರಿಗೆ ಅದು ಎಷ್ಟರ ಕೆಲಸ. ಒತ್ತಲಿಲ್ಲ. ಕೈ ತೆಗೆದು ಇನ್ನೊಂದು ಕಂತೆ ಎತ್ತಿ ಕೊಟ್ಟರು. ಮೇಲಿದ್ದ ನನಗೆ ಅವರ ಮುಖ ನೋಡಲು ನಾಚಿಕೆಯಾಗಿ ತೆನೆ ಕಡೆ ತಿರುಗಿಕೊಂಡೆ.

ಮಳೆ ಮೂರು ದಿನ ಹಿಡಿಯಿತು. ಬಿಸಿಲು ಬಂದ ಮೇಲೆ ಮೆದೆ ಬಿಚ್ಚಿದರೆ ಮೂಡಲ ಕಡೆಯ ಅರ್ಧ ಹಸಿರು ಮೊಳಕೆ. ಕಣದ ಸುತ್ತ ಜನ ಸೇರಿದರು. ಹೆಂಗಸು ಒಟ್ಟಿದ ಮೆದೆ ನೋಡಲು ಎಲ್ಲರಿಗೂ ಬಿಡುವಿತ್ತು. ನಾನು ನೆಲದಲ್ಲಿ ಕೂತು ಕೆಟ್ಟ ತೆನೆ ಬೇರೆ ಮಾಡುತ್ತಿದ್ದೆ, ಅವರು ಪಕ್ಕದಲ್ಲಿ ಕಂತೆ ಬಿಚ್ಚುತ್ತಿದ್ದರು. ಪಕ್ಕದ ಹೊಲದ ಹಿರಿಯನೊಬ್ಬ ನಿಜವಾಗಿಯೂ ಮರುಗಿ ಹೇಳಿದ. "ಅಯ್ಯೋ ಮಗಾ, ನೀನು ಒಟ್ಟಿದ್ರೆ ಒಂದು ತೆನೆ ನೆನೀತಿರ್ಲಿಲ್ಲ ಕಣೋ."

ಮಾವ ಕೆಮ್ಮಿದರು, ಬೇಡ ಅನ್ನುವ ಹಾಗೆ.

ನಮ್ಮವರು ಕಂತೆ ಕೆಳಗಿಟ್ಟು ಎದ್ದು ನಿಂತರು. "ಒಟ್ಟಿದ್ದೆ ದೊಡ್ಡಪ್ಪಾ" ಅಂದರು, ಸುತ್ತ ನಿಂತ ಎಲ್ಲರಿಗೂ ಕೇಳುವ ಹಾಗೆ. "ಜರ್ಮನರಿಗೆ ಒಟ್ಟಿದ್ದೆ. ಅವರದು ಒಂದು ಮೂಟೆನೂ ಹಾಳಾಗ್ಲಿಲ್ಲ. ಅದ್ರಲ್ಲಿ ಬೂದಿಗೆರೆಯವನೊಬ್ಬ ಸತ್ತ."

ಒಬ್ಬೊಬ್ಬರೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಮಾವ ಕಣದ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ನಮ್ಮವರು ಮತ್ತೆ ನನ್ನ ಪಕ್ಕ ಕೂತು ಕಂತೆ ಬಿಚ್ಚತೊಡಗಿದರು. ನನಗೂ ತಲೆ ಎತ್ತಲು ಆಗಲಿಲ್ಲ, ಆದರೆ ಅಲ್ಲಿಂದ ಏಳಲಿಲ್ಲ. ಆ ವರ್ಷವೆಲ್ಲ ನಾವು ಆ ಮೊಳಕೆ ಬಂದ ರಾಗಿಯ ಮುದ್ದೆಯನ್ನೇ ಉಂಡೆವು, ಅವರು ಒಂದು ದಿನವೂ ತಟ್ಟೆಯಲ್ಲಿ ಬಿಡಲಿಲ್ಲ.