ಬಿಡ್ತು ಅನ್ನಲಿಲ್ಲ

ಮಗಳು ತೀರಿಕೊಂಡ ಮರುವರ್ಷ ನಾನು ಮತ್ತೆ ಬಸುರಿಯಾದೆ. ನಮ್ಮತ್ತೆ ಮೊದಲು ಮಾಡಿದ ಕೆಲಸವೆಂದರೆ ಆ ಕೂಸಿನ ಅಂಗಿ, ಗಿಲಕಿ ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಎಸೆದದ್ದು. “ಯಾರು ಕೇಳುದ್ರೂ ಚೊಚ್ಚಲು ಅನ್ನು ಕಣವ್ವ. ಜವರಾಯನ ಕಿವೀಗೆ ಆ ಮಗೀನ ಸುದ್ದಿ ಬೀಳ್ಬಾರ್ದು,” ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನೆದೆ ಹಾಲು ಕುಡಿದು ನಡೆಯಲು ಕಲಿತವಳು ಹುಟ್ಟೇ ಇರಲಿಲ್ಲವೇ?

ತೊಂಬತ್ತರ ದಶಕದ ಶುರುವಿನ ಮಾತು. ಕೆ.ಆರ್. ಪೇಟೆಯ ಟಾಕೀಸಿಗೆ ಒಂದು ದೆವ್ವದ ಸಿನಿಮಾ ಬಂದಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಕತೆಯಂತೆ. ಬಸುರಿಯರು ಅದರ ಪೋಸ್ಟರನ್ನೂ ನೋಡಬಾರದೆಂದು ಕಿಕ್ಕೇರಿಯ ನಮ್ಮ ಬೀದಿ ಹೆಂಗಸರು ಅಪ್ಪಣೆ ಹೊರಡಿಸಿದರು. ನನಗೆ ಅಷ್ಟೇ ಸಾಕಾಯಿತು. ನಾದಿನಿಯನ್ನು ಎಳೆದುಕೊಂಡು ಮ್ಯಾಟಿನಿಗೆ ಬಸ್ಸು ಹತ್ತಿದೆ.

ಪರದೆಯ ಮೇಲೆ ಆ ತಾಯಿ ಸತ್ತ ಮಗನಿಗೆ ದಿನಾ ತಟ್ಟೆ ಇಡುತ್ತಾಳೆ, ಬರೀ ಗಾಳಿಗೆ ತಲೆ ಬಾಚುತ್ತಾಳೆ. ನಾದಿನಿ ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ನನಗೆ ಹೆದರಿಕೆಯೇ ಆಗಲಿಲ್ಲ. ನನ್ನಂಥವಳು ಇನ್ನೊಬ್ಬಳಿದ್ದಾಳೆ ಎಂದು ಧೈರ್ಯವೇ ಬಂತು. ಕೊನೆಗೊಬ್ಬ ಮಂತ್ರವಾದಿ ದೆವ್ವವಾಗಿದ್ದ ಆ ಮಗುವನ್ನು ಮಡಕೆಯೊಳಗೆ ಕಟ್ಟಿಹಾಕಿ ಹೊಳೆಗೆ ಬಿಡಲು ಹೊರಟ. ಜನ ಶಿಳ್ಳೆ ಹೊಡೆದರು. ನಾನು ಎದ್ದು ನಿಂತು ಕೂಗಿದೆ: “ಲೇ, ಬುಡ್ಲಾ ಆ ಮಗೀನ!”

“ಕೂತ್ಕಳವ್ವ, ಪಿಚ್ಚರ್ ಕಾಣಾಕಿಲ್ಲ,” ಎಂದ ಹಿಂದೆ ಕೂತಿದ್ದವನು. ಕೂರಲಿಲ್ಲ, ಹೊರಗೆ ನಡೆದೆ.

ಏಳನೇ ತಿಂಗಳಲ್ಲಿ ಸೀಮಂತ. ನಮ್ಮಲ್ಲಿ ಅದು ಚೊಚ್ಚಲಿಗೆ ಮಾತ್ರ. ಜವರಾಯನಿಗೇ ಟೋಪಿ ಹಾಕಲು ಅತ್ತೆ ಮತ್ತೊಮ್ಮೆ ಚಪ್ಪರ ಹಾಕಿಸಿ, ನಮ್ಮ ಸಂಗತಿ ಗೊತ್ತಿಲ್ಲದ ಬಳೆಗಾರ್ತಿಯನ್ನು ಬೇರೆ ಊರಿನಿಂದ ಕರೆಸಿದ್ದರು. ಆಕೆ ಹಸಿರು ಬಳೆ ಏರಿಸುತ್ತ, “ಚೊಚ್ಚಲೇನವ್ವಾ?” ಎಂದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಅಲ್ಲ, ಎರಡ್ನೇದು. ಮೊದಲ್ನೇದು ಹೆಣ್ಣು. ಜ್ವರ ಬಂದು ಹೋಗ್ಬುಟ್ಳು. ಜವರಾಯ ಬೇಕಾದ್ರೆ ಇಲ್ಲೇ ಕೂತು ಕೇಳುಸ್ಕಳ್ಲಿ.”

ಸೋಬಾನೆ ಹಾಡುತ್ತಿದ್ದವರು ನಿಲ್ಲಿಸಿದರು. ಯಾರೋ “ಬುಡ್ತು ಅನ್ನು, ಬುಡ್ತು ಅನ್ನು” ಎಂದು ಗದರಿಸಿದರು. ನಾನು ಅನ್ನಲಿಲ್ಲ. ಅತ್ತೆ ಬೈಯಲಿ ಎಂದು ತಲೆಯೆತ್ತಿ ಕಾದೆ.

ಅವರು ಮಡಿಲಕ್ಕಿ ತಟ್ಟೆಯನ್ನು ಕೆಳಗಿಟ್ಟು ಬಳೆಗಾರ್ತಿಯ ಪಕ್ಕದಲ್ಲಿ ಕುಸಿದು ಕೂತರು.

“ಮೂಗು ನಂದೇ ಇತ್ತು ಕಣವ್ವ ಆ ಮಗೀಗೆ,” ಎಂದರು ಆಕೆಗೆ.