ಎತ್ತಬಾರದ ಫೋನ್ ಎತ್ತಿದ ಮೇಲೆ

ಹೋದ ಭಾನುವಾರ ನಾನು ನಮ್ಮ ಜಯತ್ತೆಯನ್ನು ಸಾಯಿಸಿಬಿಟ್ಟೆ.

ಗಾಬರಿಯಾಗಬೇಡಿ. ಅತ್ತೆ ಗಟ್ಟಿಮುಟ್ಟಾಗಿದ್ದಾಳೆ. ಉಪ್ಪಾರಹಳ್ಳಿ ಬಡಾವಣೆಯ ತನ್ನ ಮನೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತು, ಸೀರೆಗೆ ಫಾಲ್ ಹಾಕಿಸಲು ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದಾಳೆ. ಅದು ಊರೆಲ್ಲ ಸುತ್ತಿ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

(ಅತ್ತೆ ಅಂದರೆ ಹೆಂಡತಿಯ ತಾಯಿ ಅಲ್ಲ, ನಮ್ಮಪ್ಪನ ತಂಗಿ. ಇದನ್ನು ಬರೆಯದಿದ್ದರೆ ಮನೆಯಲ್ಲಿ ಬೇರೆಯದೇ ಗಲಾಟೆ.)

ಎಲ್ಲ ಶುರುವಾಗಿದ್ದು ನನ್ನ ಭಾಷಣದಿಂದ. ನಮ್ಮ ತುಮಕೂರಿನ ಒಂದು ಸಮಾರಂಭದಲ್ಲಿ, ಹಿರಿಯರ ಒಂಟಿತನಕ್ಕೆ ಟೆಕ್ನಾಲಜಿಯೇ ಮದ್ದು ಎಂದು ಗಂಟಲು ಹರಿಯುವ ಹಾಗೆ ಮಾತಾಡಿದ್ದೆ. ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ಮನೆಗೆ ಬಂದರೆ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

"ಅದೆಲ್ಲ ಇರ್ಲಿ. ನೀವು ಜಯತ್ತೆ ಮನೆ ಕಡೆ ಹೋಗಿ ಎಷ್ಟು ದಿನ ಆಯ್ತು?"

ಜಯತ್ತೆಯ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ನಾನು ಶಾಲು ಮಡಚಿಟ್ಟೆ.

ಮನಸ್ಸು ಚುಚ್ಚಿದಾಗ ನಮ್ಮಂಥವರು ಏನು ಮಾಡುತ್ತೇವೆ? ಅಂಗಡಿಗೆ ಹೋಗುತ್ತೇವೆ. ನಾನೂ ಹೋಗಿ ಅತ್ತೆಗೊಂದು ಸ್ಮಾರ್ಟ್‌ಫೋನ್ ತಂದೆ. ಅದರಲ್ಲಿ ವಯಸ್ಸಾದವರಿಗೆಂದೇ ಮಾಡಿದ ಆ್ಯಪ್ ಒಂದನ್ನು ಹಾಕಿದೆ. ದಿನಾ ಬೆಳಿಗ್ಗೆ ಅದು "ಹೇಗಿದ್ದೀರಿ?" ಎಂದು ಕೇಳುತ್ತದೆ. ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಬೇಕು. ಯಾವುದನ್ನೂ ಒತ್ತದಿದ್ದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಅಂದರೆ, ದಿನಾ ಎರಡು ಬೀದಿ ದಾಟುವ ತೊಂದರೆ ನನಗೆ ತಪ್ಪುತ್ತದೆ.

ಭಾನುವಾರ ಬೆಳಿಗ್ಗೆ ಎಂದಿಲ್ಲದೆ ಬೇಗ ಎದ್ದು ಅತ್ತೆಯ ಮನೆಗೆ ಹೋದೆ. ಅವಳು ಸ್ನಾನಕ್ಕೆ ಹೋಗುವುದನ್ನೇ ಕಾದು, ಅವಳ ಹಳೇ ಕೀಪ್ಯಾಡ್ ಫೋನ್ ಬಿಚ್ಚಿದೆ. ಸಿಮ್ ದೊಡ್ಡದು, ಹೊಸ ಫೋನಿಗೆ ಕೂರಲಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಮುರಿದು ಕೂರಿಸಿದೆ. ಸರ್‌ಪ್ರೈಸ್ ಕೊಡಬೇಕಿತ್ತಲ್ಲ.

ಆನ್ ಮಾಡಿ ಸ್ವಲ್ಪ ಹೊತ್ತಿಗೆಲ್ಲ ಫೋನ್ ಬಡಿದುಕೊಂಡಿತು. ಹೆಸರಿಲ್ಲ, ಬರೀ ನಂಬರು. ಹೆಸರುಗಳೆಲ್ಲ ಹಳೇ ಫೋನಿನಲ್ಲೇ ಉಳಿದಿವೆ ಎನ್ನುವುದು ನನಗೆ ಹೊಳೆಯಲಿಲ್ಲ. ಹೊಳೆದದ್ದು, ಮುದುಕರಿಗೆ ಟೋಪಿ ಹಾಕುವ ಫೋನ್ ಕಳ್ಳರು. (ಅವರ ಮೇಲೂ ಭಾಷಣ ಮಾಡಿದ್ದೇನೆ.) ಎತ್ತಿದವನೇ ದನಿ ಗಡಸು ಮಾಡಿಕೊಂಡು, "ಇನ್ಮೇಲೆ ಈ ನಂಬರಿಗೆ ಫೋನ್ ಮಾಡ್ಬೇಡಿ" ಎಂದೆ. ಆ ಕಡೆ ಯಾರೋ ಉಸಿರು ಎಳೆದುಕೊಂಡ ಹಾಗಾಯಿತು. ಆಮೇಲೆ ಕಟ್. ಕಳ್ಳ ಹೆದರಿದ ಎಂದುಕೊಂಡು ನಂಬರನ್ನು ಬ್ಲಾಕ್ ಕೂಡ ಮಾಡಿದೆ.

ತಲೆ ಒರೆಸಿಕೊಳ್ಳುತ್ತಾ ಬಂದ ಅತ್ತೆ ನನ್ನ ಸರ್‌ಪ್ರೈಸ್ ಕಡೆ ತಿರುಗಿಯೂ ನೋಡಲಿಲ್ಲ.

"ಕಡಬದ್ ಫೋನ್ ಬಂತೇನ್ಲಾ?"

"ಯಾವ ಕಡಬ?"

"ಸಿದ್ದಮ್ಮಂದು ಕಣೋ. ಎರಡು ಸಲ ಬಡ್ಕೊಂಡು ನಿಂತೋಯ್ತದಲ್ಲ, ಅದು."

ಆಗ ಗೊತ್ತಾಯಿತು. ಹಿಂದೆ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆದಾಗ ಅಕ್ಕಪಕ್ಕದ ಹಾಸಿಗೆಗಳಲ್ಲಿ ಇನ್ನಿಬ್ಬರಿದ್ದರು. ಗುಬ್ಬಿ ಹತ್ತಿರದ ಕಡಬದ ಸಿದ್ದಮ್ಮ, ಕುಣಿಗಲ್ಲಿನ ಬಳೆ ಅಂಗಡಿಯ ಫಾತಿಮಾಬಿ. ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದವರು ಮಾತಾಡದೆ ಇನ್ನೇನು ಮಾಡಿಯಾರು? ಮುಖ ಸರಿಯಾಗಿ ನೋಡುವ ಮೊದಲೇ ಗೆಳತಿಯರಾದರು. ಮನೆಗೆ ಹೊರಡುವಾಗ ಒಂದು ಏರ್ಪಾಡು ಮಾಡಿಕೊಂಡರು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಸಿದ್ದಮ್ಮ ಅತ್ತೆಗೆ, ಅತ್ತೆ ಫಾತಿಮಾಬಿಗೆ, ಫಾತಿಮಾಬಿ ಸಿದ್ದಮ್ಮನಿಗೆ ಮಿಸ್ಡ್ ಕಾಲ್ ಕೊಡಬೇಕು. ಯಾರೂ ಎತ್ತಬಾರದು.

"ಕರೆ ಈಗ ಫ್ರೀ ಅಲ್ವಾ ಅತ್ತೆ? ಮಾತಾಡ್ಬಹುದಲ್ಲ?"

"ಎದ್ದೇಟ್ಗೆ ಮಾತಾಡಕ್ಕೆ ಏನಿರ್ತೈತ್ಲಾ? ಮಾತೆಲ್ಲ ಮಧ್ಯಾಹ್ನಕ್ಕೆ. ಬೆಳಿಗ್ಗೆ ಬಡ್ಕೊಂಡ್ರೆ ಇದೀನಿ ಅಂತ. ಬಡ್ಕೊಳ್ಳಿಲ್ಲ ಅಂದ್ರೆ ಪಕ್ಕದ್ಮನೆಯೋರಿಗೆ ಫೋನ್ ಮಾಡಿ ವಿಚಾರ್ಸೋದು."

"ಎತ್ತಿದ್ರೆ?"

"ಎತ್ತಿದ್ರೆ ಏನೋ ಆಗೈತೆ ಅಂತ. ಗಂಡಸ್ರು ಯಾರಾದ್ರೂ ಎತ್ತಿದ್ರೆ ಮುಗೀತು ಅಂತ್ಲೇ."

ಕೈಯಲ್ಲಿದ್ದ ಹೊಸ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

ಅತ್ತೆ ಮಿಷನ್ ಮುಂದೆ ಹೋಗಿ ಕೂತಳು. ಹೊಲಿಯಲಿಲ್ಲ. ಬಾಗಿಲ ಕಡೆ ನೋಡುತ್ತಾ, "ಒಂದಿನಾನೂ ತಪ್ಸಿರ್ಲಿಲ್ಲ. ಸಿದ್ದಿ ಹೋಗ್ಬುಟ್ಲೇನೋ ಕಣ್ಲಾ" ಎಂದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನು ಹೇಳಿದೆ.

"ನೀನ್ ಎತ್ತಿದ್ಯಾ? ಗಂಡಸ್ ದನೀಲಿ?"

"ನನಗಿರೋದು ಅದೊಂದೇ ದನಿ ಅತ್ತೆ."

ತಕ್ಷಣ ಅನ್‌ಬ್ಲಾಕ್ ಮಾಡಿ ಆ ನಂಬರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಎತ್ತಬಾರದು ಅನ್ನುವುದೇ ಅವರ ಕಾನೂನು ತಾನೆ? ಫಾತಿಮಾಬಿಯ ನಂಬರು ಹಳೇ ಫೋನಿನಲ್ಲಿತ್ತು. ಆ ಫೋನ್ ಸಿಮ್ ಇಲ್ಲದೆ ಮುಂದಕ್ಕೆ ಹೋಗಲೊಲ್ಲದು. ನಾನು ಮುರಿದ ಸಿಮ್ ಅದರಲ್ಲಿ ನಿಲ್ಲದೆ ಜಾರಿ ಜಾರಿ ಬೀಳುತ್ತಿತ್ತು. ಅವರ ಪಕ್ಕದ ಮನೆಯವರ ನಂಬರುಗಳೂ ಅಲ್ಲೇ. ಒಂದು ಸ್ಕ್ರೂಡ್ರೈವರೂ ಇಲ್ಲದೆ ಮೂರು ಊರಿನ ಲೈನ್ ಕಿತ್ತುಹಾಕಿದ್ದೆ.

ಆ ಹೊತ್ತಿಗೇ ಹೊಸ ಫೋನ್ ಇಂಪಾಗಿ ಉಲಿದು, "ಹೇಗಿದ್ದೀರಿ?" ಎಂದಿತು.

"ಇದ್ಯಾರ್ಲಾ ಕೇಳ್ತಿರೋದು?"

"ಯಾರೂ ಅಲ್ಲ ಅತ್ತೆ. ಆ್ಯಪ್."

"ಯಾರೂ ಅಲ್ದೋರಿಗೆ ನಾನ್ಯಾಕ್ ಹೇಳ್ಲಿ?"

ನನ್ನ ಅಷ್ಟುದ್ದದ ಭಾಷಣಕ್ಕೆ ಸಭೆಯಲ್ಲಿ ಯಾರಾದರೂ ಎದ್ದು ಈ ಪ್ರಶ್ನೆ ಕೇಳಬಹುದಿತ್ತು. ಪುಣ್ಯಕ್ಕೆ ಎಲ್ಲರೂ ಊಟದ ಆತುರದಲ್ಲಿದ್ದರು.

ಸಿಮ್ಮಿಗೆ ಚೌಕಟ್ಟು ಸಿಗುತ್ತದೇನೋ ಎಂದು ಭಾನುವಾರ ಮುಚ್ಚಿದ ಅಂಗಡಿಗಳನ್ನೆಲ್ಲ ಸುತ್ತಿ ನಾನು ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ಹತ್ತಿರವಾಗಿತ್ತು. ಕಾರು ತೆಗೆದು ಕಡಬಕ್ಕೇ ಹೋಗಿಬಿಡೋಣ ಎಂದು ಅತ್ತೆ ಸೀರೆ ಬದಲಾಯಿಸುತ್ತಿದ್ದಳು. ಅಷ್ಟರಲ್ಲಿ ಮನೆ ಮುಂದೆ ಆಟೋ ನಿಂತಿತು. ಇಳಿದವರು ಇಬ್ಬರು ಹೆಂಗಸರು. ಒಬ್ಬರ ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ದಪ್ಪ ಹೂವಿನ ಹಾರ. ಇನ್ನೊಬ್ಬರ ಕೈಯಲ್ಲಿ ಟಿಫಿನ್ ಕ್ಯಾರಿಯರ್. ಹಾರ ಯಾಕೆಂದು ನಿಮಗೆ ಹೇಳಬೇಕಿಲ್ಲ. ಕ್ಯಾರಿಯರ್ ಯಾಕೆಂದರೆ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ.

ಬಾಗಿಲು ತೆಗೆದದ್ದು ಸತ್ತವಳೇ.

 ಸಿದ್ದಮ್ಮ ಹಾರವನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, "ಇವ್ಳು ಎದ್ದು ಓಡಾಡ್ತಾವ್ಳೆ ಕಣಮ್ಮ" ಎಂದರು. ಫಾತಿಮಾಬಿ ಮೆಟ್ಟಿಲ ಮೇಲೇ ಕುಸಿದು ಕೂತು ಅಳತೊಡಗಿದರು. "ಕುಣಿಗಲ್ಲಿಂದ ಬಸ್ಸಲ್ಲಿ ಒಂದು ಹನಿ ಬರ್ಲಿಲ್ಲ ಜಯಕ್ಕ. ನಿಮ್ಮನ್ನ ನೋಡಿದ್ಮೇಲೆ ನಿಲ್ತಾನೇ ಇಲ್ಲ ನೋಡಿ."

ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಸುಳ್ಳು ಯಾಕೆ ಹೇಳಲಿ, ಹೊಸ ಫೋನಿನ ಖಾಲಿ ಡಬ್ಬ ಹಿಡಿದುಕೊಂಡು ಮೂಲೆಯಲ್ಲಿ ನಿಂತು ನಾನೂ ಅತ್ತೆ.

"ನಾನು ತಿರುಗಿ ಫೋನ್ ಮಾಡಿದ್ನಲ್ಲ, ಯಾಕಮ್ಮ ಎತ್ಲಿಲ್ಲ?" ಎಂದು ಸಿದ್ದಮ್ಮನನ್ನು ಕೇಳಿದೆ.

"ಎಷ್ಟೊತ್ಗೆ ಹೆಣ ಎತ್ತುತಾರೆ ಅಂತ ಹೇಳಕ್ಕೆ ಮಾಡ್ತಾವ್ರೆ ಅನ್ಕೊಂಡೆ ಕಣಪ್ಪ. ಅದ್ನ ಕೇಳೋ ಧೈರ್ಯ ಇರ್ಲಿಲ್ಲ. ಫಾತಿಮಾಬಿಗೆ ಹೇಳ್ಬುಟ್ಟು ಬಸ್ ಹತ್ದೆ."

ಆಮೇಲೆ ಸತ್ತವಳ ಜೊತೆ ಕೂತು ಎಲ್ಲರೂ ಸಾವಿನ ಮನೆಗೆಂದು ತಂದ ಚಿತ್ರಾನ್ನ ತಿಂದೆವು. ಬಹಳ ಚೆನ್ನಾಗಿತ್ತು. ಉಪ್ಪು ಒಂದು ಚೂರು ಕಮ್ಮಿ ಎಂದವಳು ಸತ್ತವಳೇ. ಹಾರ ಮಾತ್ರ ಉಳಿದಿತ್ತು. "ಹೂವ ದಂಡ ಆಗ್ಬಾರ್ದು ಬುಡು" ಎಂದು ಸಿದ್ದಮ್ಮ ಅದನ್ನು ತಂದು ನನ್ನ ಕೊರಳಿಗೆ ಹಾಕಿದರು. "ಭಾಷಣ ಮಾಡೋನಲ್ವಾ ನೀನು, ಅಭ್ಯಾಸ ಇರ್ತೈತೆ."

ಸಮಾರಂಭದ ಹಾರಕ್ಕಿಂತ ಇದು ಭಾರವಾಗಿತ್ತು.

ಅವರು ಹೊರಡುವ ಮೊದಲು, ನನ್ನನ್ನೂ ಮಿಸ್ಡ್ ಕಾಲ್ ಗುಂಪಿಗೆ ಸೇರಿಸಿಕೊಳ್ಳಿ ಎಂದು ನಾಚಿಕೆ ಬಿಟ್ಟು ಕೇಳಿದೆ. ಅತ್ತೆ ಒಪ್ಪಲಿಲ್ಲ. "ನೀನ್ ಏಳೋದೇ ಎಂಟ್ ಗಂಟೆಗೆ. ನಿನ್ನ ಸೇರುಸ್ಕೊಂಡ್ರೆ ದಿನಾ ಹಾರ ತರ್ಬೇಕಾಯ್ತದೆ" ಎಂದಳು. ಬೇಕಾದರೆ ಸಾಯಂಕಾಲ ನಡೆದುಕೊಂಡು ಬಾ, ಎರಡೇ ಬೀದಿ ಎಂದೂ ಸೇರಿಸಿದಳು. ಈ ವಾರ ದಿನಾ ಹೋಗಿದ್ದೇನೆ. (ಹೆಂಡತಿ ಇದನ್ನು ಓದುತ್ತಾಳೆ, ಆದ್ದರಿಂದ ಸರಿಯಾಗಿ ಬರೆಯುತ್ತೇನೆ: ಒಂದು ದಿನ ತಪ್ಪಿಸಿದ್ದೇನೆ.)

ಅತ್ತೆಯ ಸಿಮ್ಮಿಗೆ ಪ್ಲಾಸ್ಟಿಕ್ ಚೌಕಟ್ಟು ಹಾಕಿಸಿ ಹಳೇ ಫೋನಿಗೇ ಕೂರಿಸಿದ್ದಾಯಿತು. ಸ್ಮಾರ್ಟ್‌ಫೋನ್ ಈಗ ನನ್ನ ಬಳಿ ಇದೆ. ಆ್ಯಪ್ ತೆಗೆದಿಲ್ಲ. ದಿನಾ ಬೆಳಿಗ್ಗೆ ಅದು ಹೇಗಿದ್ದೀರಿ ಎನ್ನುತ್ತದೆ, ನಾನು ನಗುವ ಮುಖ ಒತ್ತುತ್ತೇನೆ. ಮೊನ್ನೆ ಸುಮ್ಮನೆ ಪರೀಕ್ಷೆ ಮಾಡೋಣ ಎಂದು ಏನೂ ಒತ್ತದೆ ಕೂತೆ. ಹತ್ತು ಗಂಟೆಗೆ ಮೆಸೇಜ್ ಬಂತು: "ನಿಮ್ಮವರು ಇಂದು ಉತ್ತರಿಸಿಲ್ಲ. ದಯವಿಟ್ಟು ಹೋಗಿ ವಿಚಾರಿಸಿ."

ಬಂದದ್ದು ನನಗೇ. ಈಗ ನಾನು ಯಾವ ಬಸ್ ಹತ್ತಲಿ?