ಬಚ್ಚಲುಮನೆಯ ಕೋಕೋ

ಪೇಟೆಬೀದಿಯಲ್ಲಿ ಮಿಠಾಯಿ ಮಾಡಿ ಮಾರುವವಳನ್ನು ಎಲ್ಲರೂ ಸಕ್ಕರಕ್ಕ ಎನ್ನುತ್ತಿದ್ದರು. ನಾಲಿಗೆ ಮಾತ್ರ ಹಸಿಮೆಣಸಿನಕಾಯಿ. ಊರ ಸುತ್ತ ಎತ್ತ ನೋಡಿದರೂ ಕೋಕೋ ತೋಟ. ಆದರೆ ಅವಳಿಗೆ ಬೇಕಾದ ಚಾಕೊಲೇಟ್ ಗಟ್ಟಿ ಪರದೇಶದಿಂದ ಹಡಗು ಹತ್ತಿಯೇ ಬರಬೇಕು. ಒಂದು ಬೇಸಿಗೆಯಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದರೆ, ಗಟ್ಟಿಗಳೆಲ್ಲ ದಾರಿಯಲ್ಲಿ ಕರಗಿ, ರಟ್ಟನ್ನೂ ಸೇರಿಸಿಕೊಂಡು ಒಂದೇ ಬಂಡೆಯಾಗಿದ್ದವು. ಸಕ್ಕರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಅಣ್ಣನ ತೋಟಕ್ಕೆ ನಡೆದಳು.

ಅಣ್ಣ ಬುದ್ಧಿ ಬಂದಾಗಿನಿಂದ ಕೋಕೋ ಬೆಳೆದವನು.

"ಬೀಜ ನಿನಗ್ಯಾಕಮ್ಮ? ಒಣಗಿಸಿ ಲಾರಿಗೆ ಹಾಕೋದಷ್ಟೇ ನಮ್ಮ ಕೆಲಸ. ಆಮೇಲೆ ಅದನ್ನ ಏನು ಮಾಡ್ತಾರೋ ಯಾರಿಗೆ ಗೊತ್ತು."

"ತಿಂತಾರೆ ಕಣೋ ಅಣ್ಣ!"

"ತಿನ್ನೋರ ಕರ್ಮ," ಎಂದ ಅಣ್ಣ. ಒಣಗಿದ್ದೆಲ್ಲ ಲಾರಿ ಹತ್ತಿಯಾಗಿತ್ತು. ಆಗತಾನೇ ಕಾಯಿ ಒಡೆದು ತೆಗೆದಿದ್ದ, ಲೋಳೆ ಸುರಿಯುವ ಹಸಿ ಬೀಜವನ್ನೇ ದೊಡ್ಡ ಬುಟ್ಟಿಯ ತುಂಬ ಕೊಟ್ಟ. "ಬೆಚ್ಚಗೆ ಮುಚ್ಚಿಡು, ಹುಳಿ ಬರಲಿ. ಆಮೇಲೆ ಒಣಗಿಸು."

ಮನೆಯಲ್ಲಿ ಬೆಚ್ಚಗಿದ್ದ ಜಾಗ ಬಚ್ಚಲೊಂದೇ. ಬುಟ್ಟಿಗೆ ಗೋಣಿಚೀಲ ಹೊದಿಸಿ ಅಲ್ಲಿಟ್ಟಳು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿದ್ದ ಗಂಡ, ಪಾಪ, ಹಿತ್ತಲಿನ ನಲ್ಲಿಯ ಕೆಳಗೆ ಸ್ನಾನ ಮಾಡತೊಡಗಿದ.

ಬುಟ್ಟಿ ಜ್ವರ ಬಂದಂತೆ ಬಿಸಿಯೇರಿ, ಹೆಂಡದ ವಾಸನೆ ಬೀದಿಗೆಲ್ಲ ಹರಡಿತು. ಗಂಡ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಈಗ ಅವನನ್ನು ಕಂಡರೆ ಹೆಂಗಸರು ಮುಖ ತಿರುಗಿಸುವರು; ಗಂಡಸರಿಗೆ ಎಂದೂ ಇಲ್ಲದ ಗೌರವ. ಒಂದು ಸಂಜೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡ್ ಆಚೆಯಿಂದ ಪಿಸುಗುಟ್ಟಿದರು:

"ಕಂಡಕ್ಟ್ರೇ, ಯಾವಾಗ ಇಳಿಸ್ತೀರಿ?"

"ಏನನ್ನ ಮೇಷ್ಟ್ರೇ?"

"ಇರಲಿ ಬಿಡಿ, ನಾನು ಯಾರಿಗೂ ಬಾಯಿ ಬಿಡಲ್ಲ. ನನಗೊಂದು ಬಾಟ್ಲಿ ತೆಗೆದಿಡಿ. ನಮ್ಮನೆಯವಳಿಗೆ ಮಾತ್ರ ಗೊತ್ತಾಗಬಾರದು."

ಗಂಡ ಒಳಗೆ ಬಂದು ತಲೆಮೇಲೆ ಕೈಹೊತ್ತು ಕೂತ. "ಇಷ್ಟು ವರ್ಷ ಮರ್ಯಾದೆಯಾಗಿ ಬಾಳಿದೆ ಕಣೇ. ಈಗ ಮೇಷ್ಟ್ರು ನನ್ನ ಹತ್ರ ಸರಾಯಿ ಕೇಳ್ತಿದಾರೆ!"

"ಕೇಳಿದ್ರೆ ಕೇಳ್ಲಿ. ಏಳ್ರಿ, ಬುಟ್ಟಿಗೆ ಒಂದು ಕೈ ಹಾಕಿ. ನಾಳೆ ಒಣಗೋಕೆ ಹಾಕ್ಬೇಕು," ಎಂದಳು ಸಕ್ಕರಕ್ಕ.

ಬೀಜ ತಾರಸಿಯ ಮೇಲೆ ಒಣಗಿತು, ಬಾಣಲೆಯಲ್ಲಿ ಹುರಿದದ್ದೂ ಆಯಿತು. ಸಿಪ್ಪೆ ಸುಲಿದು ಸುಲಿದು ಗಂಡನ ಉಗುರು ಕಪ್ಪಾಯಿತು. ಸಕ್ಕರೆ ಸೇರಿಸಿ ಅರೆಯಲು ಹಾಕಿದರೆ, ಅಡುಗೆಮನೆಯ ಗ್ರೈಂಡರ್ ಇಡೀ ದಿನ ಗೊರಗೊರ ಎಂದು, ಕೊನೆಗೆ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅಷ್ಟಾದರೂ ಚಾಕೊಲೇಟ್ ನುಣ್ಣಗಾಗಲಿಲ್ಲ. ಹಲ್ಲಿಗೆ ರವೆ ಸಿಕ್ಕಿದಂತೆ ಗರಗರ. ಸಕ್ಕರಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು ಅಳುವಂತಾದಳು.

ಅಷ್ಟರಲ್ಲಿ ಅಣ್ಣ ಬಂದ. ಚಾಕೊಲೇಟನ್ನು ಅವನು ಈವರೆಗೆ ನಾಲಿಗೆಗೆ ಹಚ್ಚಿದವನೇ ಅಲ್ಲ. ಒಂದು ತುಂಡು ತಿಂದ. ಇನ್ನೊಂದಕ್ಕೆ ಕೈ ಚಾಚಿದ.

"ಇದು ನಮ್ಮ ತೋಟದ್ದಾ?"

"ಹೂಂ. ಮರಳಿನ ಹಾಗಿದೆ, ಅಲ್ವಾ?"

"ಇರಲಿ ಬಿಡು, ಅಗಿಯೋಕೆ ಏನಾದ್ರೂ ಬೇಡ್ವಾ?" ಎನ್ನುತ್ತ ಮೂರನೆಯದನ್ನೂ ಬಾಯಿಗಿಟ್ಟ.

ಮಕ್ಕಳು ಅದಕ್ಕೆ 'ಗರಗರ' ಎಂದೇ ಹೆಸರಿಟ್ಟು ಕೇಳಿ ಕೊಳ್ಳತೊಡಗಿದರು. ಸಕ್ಕರಕ್ಕ ಹೊಸ ಗ್ರೈಂಡರ್ ತಂದಳು, ಆದರೆ ಹೆಚ್ಚು ಹೊತ್ತು ತಿರುಗಿಸಲಿಲ್ಲ. ಹುಳಿ ಬರಿಸುವ ಕೆಲಸವನ್ನು ಅಣ್ಣ ತೋಟದಲ್ಲೇ ವಹಿಸಿಕೊಂಡ. ವಾರವಾರ ಬೀಜ ತಂದುಹಾಕುವ ನೆಪದಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು, "ಈ ಸಲ ಹುರಿದದ್ದು ಜಾಸ್ತಿ ಆಯ್ತು," ಎಂದು ಗಿರಾಕಿಗಳ ಎದುರೇ ತಂಗಿಗೆ ಪಾಠ ಹೇಳುತ್ತಾನೆ.